ತಿಣ್ಣೆಗೂ ನಡುಮನೆಗೂ ಮಧ್ಯೆ



ನಮ್ಮ ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಹೋಬಳಿಯಲ್ಲಿ ಮೇ ತಿಂಗಳು ಬಂತೆಂದರೆ ಊರ ಮಾತೆಲ್ಲ ಮಾವಿನದೇ. ತೋತಾಪುರಿ ಟನ್ನಿಗೆ ಎಷ್ಟಕ್ಕೆ ಹೋಯಿತು, ಬೇನಿಷಾ ಯಾವಾಗ ಕೀಳಬೇಕು, ಆಲಿಕಲ್ಲು ಬಿದ್ದದ್ದು ಯಾರ ತೋಟಕ್ಕೆ, ಇಷ್ಟೇ. ಈಚಿನ ಕೆಲವು ವರ್ಷಗಳಿಂದ ಈ ಮಾತುಗಳ ಜೊತೆ ಇನ್ನೊಂದು ಸೇರಿಕೊಂಡಿದೆ: ತೋಟಕ್ಕೆ ಕ್ಯಾಮೆರಾ ಹಾಕಿಸಿದಿರಾ? ಮರದ ಕೆಳಗೆ ಗುಡಿಸಲು ಹಾಕಿ ಫಸಲು ಮುಗಿಯುವವರೆಗೆ ರಾತ್ರಿಯೆಲ್ಲ ಎದ್ದಿರುವ ಕಾವಲುಗಾರರು ಈಗ ಸುಲಭಕ್ಕೆ ಸಿಗುವುದಿಲ್ಲ. ಕಂಬಕ್ಕೊಂದು ಕ್ಯಾಮೆರಾ, ಮನೆಯ ಅಟ್ಟದ ಮೇಲೆ ಒಂದು ರೆಕಾರ್ಡರ್ ಪೆಟ್ಟಿಗೆ, ಕೈಯಲ್ಲೊಂದು ಫೋನು. ಕೋಲಾರಕ್ಕೆ ಹೋಗಿದ್ದರೂ ಬೆಂಗಳೂರಿಗೆ ಹೋಗಿದ್ದರೂ ತೋಟ ಕಣ್ಣೆದುರಿಗೆ ಇರುತ್ತದೆ.

ಕಂಪ್ಯೂಟರ್ ಜಾಲಗಳನ್ನು ಕಟ್ಟುವುದು, ಕಾಯುವುದು ನನ್ನ ಕೆಲಸ. ನನ್ನ ಸೋದರಮಾವನ ತೋಟದಲ್ಲಿ ಆದದ್ದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ. ಅವರ ಮನೆಗೆ ಫೈಬರ್ ಬಂದಿತ್ತು. ಕ್ಯಾಮೆರಾ ಹಾಕಿದವರು ನಾಲ್ಕು ಕ್ಯಾಮೆರಾ, ಒಂದು ರೆಕಾರ್ಡರ್ ಕೂರಿಸಿ, ಹೊರಗಿನಿಂದ ನೋಡಲು ಬೇಕೆಂದು ಸ್ಥಿರವಾದ ಇಂಟರ್ನೆಟ್ ವಿಳಾಸವನ್ನೂ ಕೊಡಿಸಿ, ರೂಟರ್‌ನಲ್ಲಿ ಏನೋ ಒಂದು ಗುರುತು ಹಾಕಿ ಹೋದರು. ಫೋನಿನಲ್ಲಿ ತೋಟ ಕಂಡಿತು. ಎಲ್ಲರಿಗೂ ಸಂತೋಷ. ಎರಡು ತಿಂಗಳ ಮೇಲೆ ಒಂದು ಬೆಳಗಿನ ಜಾವ ಮಾವ ಫೋನ್ ಮಾಡಿದರು. "ನೋಡಪ್ಪಾ, ಗೇಟಿನ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ತಿರುಗ್ತಾ ಐತೆ. ಗಾಳಿನೂ ಇಲ್ಲ, ಮಂಗನೂ ಇಲ್ಲ. ಮನೆ ಬಾಗಿಲ ಕಡೆಗೇ ಮುಖ ಮಾಡ್ಕೊಂಡು ನಿಂತೈತೆ."

ಹೋಗಿ ನೋಡಿದೆ. ರೆಕಾರ್ಡರ್‌ನ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದಾಗ ಇದ್ದದ್ದೇ ಇತ್ತು. ಯಾರು ಯಾವಾಗ ಒಳಗೆ ಬಂದರೆಂಬ ಪಟ್ಟಿ ತೆರೆದರೆ ನಮಗೆ ಗೊತ್ತಿಲ್ಲದ ದೇಶಗಳ ವಿಳಾಸಗಳು ಸಾಲುಗಟ್ಟಿದ್ದವು. ರೂಟರ್‌ನ ಪುಟ ತೆರೆದಾಗ ಆ ಗುರುತು ಕಾಣಿಸಿತು. ಡಿಎಂಝಡ್ ಎಂಬ ಹೆಸರಿನ ಚೌಕ, ಅದರಲ್ಲಿ ಒಂದು ಟಿಕ್, ಪಕ್ಕದಲ್ಲಿ ರೆಕಾರ್ಡರ್‌ನ ವಿಳಾಸ.

ನನಗೆ ಭಯವಾದದ್ದು ಕ್ಯಾಮೆರಾಗಾಗಿ ಅಲ್ಲ. ಅದೇ ರೂಟರ್‌ಗೆ ಮಾವನ ಮಂಡಿ ಲೆಕ್ಕದ ಕಂಪ್ಯೂಟರ್ ಕೂಡಿತ್ತು. ಬ್ಯಾಂಕಿನ ವ್ಯವಹಾರ ನಡೆಯುವ ಮೂರು ಫೋನುಗಳು ಕೂಡಿದ್ದವು. ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಅವರ ಮಗಳ ಲ್ಯಾಪ್‌ಟಾಪೂ ಕೂಡಿತ್ತು. ರೆಕಾರ್ಡರ್ ಹಿಡಿದವನು ಅವೆಲ್ಲದರ ಜೊತೆ ಒಂದೇ ಕೋಣೆಯಲ್ಲಿ ಕೂತಿದ್ದ.

ಹಾಗಾದರೆ ಆ ಚೌಕದ ಅರ್ಥವೇನು? ಡಿಎಂಝಡ್ ಎಂಬುದು ಯುದ್ಧದ ಮಾತು, ಸೈನ್ಯವಿಲ್ಲದ ವಲಯ ಎಂದರ್ಥ. ಹೆಸರುವಾಸಿಯಾದದ್ದು ಕೊರಿಯಾದ್ದು. 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿ ಬಿದ್ದಾಗ ಉತ್ತರ ದಕ್ಷಿಣಗಳ ನಡುವೆ 4 ಕಿಲೋಮೀಟರ್ ಅಗಲ, ಸುಮಾರು 250 ಕಿಲೋಮೀಟರ್ ಉದ್ದದ ಪಟ್ಟಿಯೊಂದನ್ನು ಬಿಟ್ಟರು. ಈ ಪಟ್ಟಿಯಲ್ಲಿ ನಮ್ಮ ಕೊಡಗಿನವರೊಬ್ಬರು ಕೆಲಸ ಮಾಡಿದರೆಂಬುದು ಎಷ್ಟೋ ಜನಕ್ಕೆ ಮರೆತುಹೋಗಿದೆ. ತಾಯ್ನಾಡಿಗೆ ಹಿಂದಿರುಗಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ವಿಚಾರವನ್ನು ನೋಡಿಕೊಳ್ಳಲು ತಟಸ್ಥ ರಾಷ್ಟ್ರಗಳ ಆಯೋಗವೊಂದನ್ನು ನೇಮಿಸಿದಾಗ ಅದರ ಅಧ್ಯಕ್ಷರಾಗಿ ಹೋದವರು ಜನರಲ್ ತಿಮ್ಮಯ್ಯ. ಕೈದಿಗಳನ್ನು ಆ ನಡುವಲಯದಲ್ಲಿ ಇಟ್ಟು ಭಾರತದ ಸೈನಿಕರು ಕಾಯ್ದರು. ಎರಡೂ ಕಡೆಯವರು ಅಲ್ಲಿಗೆ ಬಂದು ಕೈದಿಗಳೊಡನೆ ಮಾತಾಡಬಹುದಿತ್ತು. ಆದರೆ ಆ ವಲಯಕ್ಕೆ ಬಂದೆನೆಂಬ ನೆಪದಲ್ಲಿ ಒಬ್ಬರು ಇನ್ನೊಬ್ಬರ ನಾಡಿಗೆ ನುಗ್ಗುವಂತಿರಲಿಲ್ಲ.

ಜಾಲ ಕಟ್ಟುವವರು ಹೆಸರನ್ನು ಎರವಲು ತಂದದ್ದು ಈ ಅರ್ಥದಲ್ಲಿ. ಹೊರಗಿನವರೂ ಮುಟ್ಟಬೇಕು, ಒಳಗಿನವರೂ ಮುಟ್ಟಬೇಕು, ಅಂಥ ವಸ್ತುವನ್ನು ಎರಡಕ್ಕೂ ಸೇರದ ಮೂರನೆಯ ಜಾಗದಲ್ಲಿಡು ಎಂಬ ಅರ್ಥ.

ಕೊರಿಯಾದವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಹಳೇ ಮನೆಗಳ ಬೀದಿಬಾಗಿಲ ಎರಡು ಬದಿಗೂ ತಿಣ್ಣೆ ಇರುತ್ತಿತ್ತು. ಬೇರೆ ಸೀಮೆಯವರು ಜಗಲಿ ಅನ್ನುತ್ತಾರೆ. ಬಳೆಗಾರ ಮಲಾರ ಇಳಿಸುತ್ತಿದ್ದದ್ದು ತಿಣ್ಣೆಯ ಮೇಲೆ. ಹುಣಸೆ, ಮಾವಿನ ವ್ಯಾಪಾರ ಕುದುರುತ್ತಿದ್ದದ್ದು ತಿಣ್ಣೆಯ ಮೇಲೆ. ಒಳಗಿನಿಂದ ನೀರು, ಮಜ್ಜಿಗೆ ತಿಣ್ಣೆಗೆ ಬರುತ್ತಿತ್ತು. ತಿಣ್ಣೆಯಲ್ಲಿ ಕೂತವರು ತಾವಾಗಿ ಎದ್ದು ನಡುಮನೆಗೆ ಕಾಲಿಡುತ್ತಿರಲಿಲ್ಲ. ಆ ತಿಣ್ಣೆಯ ಹಿಂದೆ ಜಾತಿಯ ಗೆರೆಯೂ ಇತ್ತೆಂಬುದು ನನಗೆ ಗೊತ್ತು. ಮನುಷ್ಯರ ನಡುವೆ ಆ ಗೆರೆ ಬೇಡವೇ ಬೇಡ. ನಾನು ಯಂತ್ರಗಳ ಮಟ್ಟಿಗೆ ಮಾತ್ರ ಈ ಮಾತನ್ನು ತೆಗೆದುಕೊಳ್ಳುತ್ತಿದ್ದೇನೆ.

ಫೈರ್‌ವಾಲ್ ಎಂಬ ಮಾತೂ ಮನೆಯಿಂದಲೇ ಬಂದದ್ದು. ಒಂದು ಮನೆಗೆ ಹತ್ತಿದ ಬೆಂಕಿ ಪಕ್ಕದ್ದಕ್ಕೆ ದಾಟದಿರಲೆಂದು ನಡುವೆ ಎಬ್ಬಿಸುವ ಗೋಡೆ ಅದು. ನಮ್ಮ ಹಿರಿಯರು ಹುಲ್ಲಿನ ಬಣವೆಯನ್ನು, ನಮ್ಮ ಕಡೆಯ ಮಾತಿನಲ್ಲಿ ವಾಮೆಯನ್ನು, ಮನೆಯಿಂದ ದೂರ ಕಣದಲ್ಲಿ ಒಟ್ಟುತ್ತಿದ್ದರಲ್ಲ, ಅದೇ ಲೆಕ್ಕ. ವಾಮೆಗೆ ಕಿಡಿ ಬೀಳುವುದೇ ಇಲ್ಲವೆಂದು ಅವರು ನಂಬಿರಲಿಲ್ಲ. ಬಿದ್ದರೆ ಹುಲ್ಲಷ್ಟೇ ಹೋಗಲಿ, ಮನೆ ಉಳಿಯಲಿ ಎಂಬ ಎಣಿಕೆ.

ರೂಟರ್‌ನೊಳಗಿನ ಫೈರ್‌ವಾಲ್ ಮಾಡುವ ಕೆಲಸ ಇಷ್ಟು. ಇಂಟರ್ನೆಟ್‌ನಲ್ಲಿ ಓಡಾಡುವುದೆಲ್ಲ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಓಡಾಡುತ್ತದೆ. ಪ್ರತಿ ಪೊಟ್ಟಣದ ಮೇಲೆ ಎಲ್ಲಿಂದ ಬಂತು, ಯಾರಿಗೆ ಬಂತು, ಯಾವ ಬಾಗಿಲಿಗೆ ಬಂತು ಎಂದು ಬರೆದಿರುತ್ತದೆ. ಆ ಬಾಗಿಲಿಗೆ ಪೋರ್ಟ್ ಎನ್ನುತ್ತಾರೆ. ಒಂದು ವಿಳಾಸಕ್ಕೆ 65,536 ಪೋರ್ಟುಗಳಿವೆ. ಫೈರ್‌ವಾಲ್ ಒಂದು ನೆನಪಿನ ಪುಸ್ತಕ ಇಟ್ಟುಕೊಂಡಿರುತ್ತದೆ. ಒಳಗಿನವರು ಯಾರಾದರೂ ಹೊರಗೆ ಏನನ್ನಾದರೂ ಕೇಳಿದರೆ ಅದನ್ನು ಬರೆದುಕೊಳ್ಳುತ್ತದೆ. ಆ ಕೇಳಿಕೆಗೆ ಉತ್ತರ ಬಂದರೆ ಒಳಗೆ ಬಿಡುತ್ತದೆ, ಕೇಳದೆ ಬಂದದ್ದನ್ನು ಬಾಗಿಲಲ್ಲೇ ಕೈಬಿಡುತ್ತದೆ. ನಮ್ಮ ಮನೆಗಳಲ್ಲಿ ಯಾರೂ ಏನೂ ಮಾಡದಿದ್ದರೂ ರೂಟರ್ ಇಷ್ಟು ಕಾವಲನ್ನು ತಾನಾಗಿ ಕಾಯುತ್ತಿರುತ್ತದೆ.

ಅಗ್ಗದ ರೂಟರ್‌ನಲ್ಲಿರುವ ಆ ಡಿಎಂಝಡ್ ಚೌಕ ಈ ಕಾವಲನ್ನು ಮುರಿಯುತ್ತದೆ. ಕೇಳದೆ ಬಂದ ಪೊಟ್ಟಣಗಳನ್ನು, ಎಲ್ಲ ಪೋರ್ಟುಗಳವನ್ನೂ, ಗುರುತು ಹಾಕಿದ ಒಂದೇ ಯಂತ್ರಕ್ಕೆ ತಂದು ಸುರಿಯುತ್ತದೆ. ಆ ಯಂತ್ರವನ್ನು ಬೇರೆ ವಲಯಕ್ಕೇನೂ ಒಯ್ದಿಡುವುದಿಲ್ಲ. ಅದು ಮೊದಲಿದ್ದಂತೆ ಮನೆಯ ಉಳಿದ ಯಂತ್ರಗಳ ಮಗ್ಗುಲಲ್ಲೇ ಇರುತ್ತದೆ. ಬೀದಿಬಾಗಿಲನ್ನು ಕಿತ್ತಿಟ್ಟು ಬಂದವರನ್ನೆಲ್ಲ ನಡುಮನೆಯಲ್ಲಿ ಕೂರಿಸಿ, ಇದು ತಿಣ್ಣೆ ಎಂದು ಹೆಸರಿಟ್ಟ ಹಾಗೆ. ಕ್ಯಾಮೆರಾ ಹಾಕುವ ಹುಡುಗರನ್ನು ನಾನು ಬೈಯುವುದಿಲ್ಲ, ಅವರಿಗೆ ಕಲಿಸಿದವರು ಹಾಗೆ ಕಲಿಸಿದ್ದಾರೆ. ಟಿಕ್ ಹಾಕಿದೊಡನೆ ಚಿತ್ರ ಬರುತ್ತದೆ, ಕೆಲಸ ಮುಗಿಯಿತು ಅನಿಸುತ್ತದೆ. ಆದರೆ ಈ ಹೆಸರು ಎಷ್ಟು ಮನೆಗಳನ್ನು ಮೋಸಗೊಳಿಸಿದೆಯೆಂದು ನೆನೆದರೆ ಸಂಕಟವಾಗುತ್ತದೆ.

ಯಲ್ದೂರಿನ ತೋಟವನ್ನು ಹುಡುಕಿಕೊಂಡು ಪರದೇಶದಿಂದ ಯಾರು ಬರುತ್ತಾರೆ ಎಂದು ಮಾವ ಕೇಳಿದರು. ಯಾರೂ ತೋಟವನ್ನು ಹುಡುಕಿ ಬಂದಿರಲಿಲ್ಲ. ಯಂತ್ರಗಳು ವಿಳಾಸಗಳನ್ನು ಒಂದೊಂದಾಗಿ ತಟ್ಟುತ್ತ ಹೋಗುತ್ತವೆ, ಹಗಲೂ ರಾತ್ರಿಯೂ. 2016ರಲ್ಲಿ ಮಿರಾಯ್ ಎಂಬ ಕೇಡಿನ ತಂತ್ರಾಂಶ ಮಾಡಿದ್ದು ಇದನ್ನೇ. ಕಾರ್ಖಾನೆಯವರು ಇಟ್ಟು ಕಳಿಸುವ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿಯೊಂದನ್ನು ಹಿಡಿದು, ಕ್ಯಾಮೆರಾ, ರೆಕಾರ್ಡರ್, ರೂಟರ್ ಸಿಕ್ಕಿದ ಕಡೆಯೆಲ್ಲ ಒಳಹೊಕ್ಕಿತು. ಹಾಗೆ ಸೆರೆಯಾದ ಯಂತ್ರಗಳ ದಂಡು ಅದೇ ವರ್ಷ ಅಕ್ಟೋಬರ್ 21ರಂದು ಜಾಲತಾಣಗಳ ಹೆಸರು ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಬಿದ್ದಾಗ ಅಮೆರಿಕದ ಬಹುಭಾಗದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ಸಿಗದೆ ಹೋದವು. ದಂಡಿನಲ್ಲಿದ್ದ ಕ್ಯಾಮೆರಾಗಳ ಒಡೆಯರು ಎಲ್ಲೋ ಅಂಗಡಿಯಲ್ಲಿ, ಮನೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ ಜನ.

ನಮ್ಮ ದೇಶದ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಡುಗೋಡೆಯ ಬೆಲೆ ತಿಳಿಯುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಕೂಡಂಕುಳಂ ಅಣುಸ್ಥಾವರದ ಒಂದು ಕಂಪ್ಯೂಟರ್‌ಗೆ ಕೇಡಿನ ತಂತ್ರಾಂಶ ಹೊಕ್ಕಿದ್ದು ಪತ್ತೆಯಾದದ್ದನ್ನು ಭಾರತೀಯ ಅಣುವಿದ್ಯುತ್ ನಿಗಮ ಅಕ್ಟೋಬರ್ 30ರಂದು ಒಪ್ಪಿಕೊಂಡಿತು. ಆದರೆ ಅದು ಇಂಟರ್ನೆಟ್‌ಗೆ ಕೂಡಿದ ಆಡಳಿತದ ಜಾಲದ ಕಂಪ್ಯೂಟರ್, ಸ್ಥಾವರ ನಡೆಸುವ ಒಳಜಾಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಿಗಮ ಹೇಳಿತು. ವಾಮೆಗೆ ಬೆಂಕಿ ಬಿತ್ತು, ಮನೆ ಉಳಿಯಿತು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಕಥೆ ಬೇರೆಯಾಯಿತು. ಐದು ಸರ್ವರ್‌ಗಳಲ್ಲಿದ್ದ ಮಾಹಿತಿಗೆ ದಾಳಿಕೋರರು ಬೀಗ ಜಡಿದರು. ದಿನಗಟ್ಟಲೆ ಹೊರರೋಗಿಗಳ ಚೀಟಿಯಿಂದ ರಕ್ತಪರೀಕ್ಷೆಯ ವರದಿಯವರೆಗೆ ಎಲ್ಲವನ್ನೂ ಕೈಯಲ್ಲಿ ಬರೆಯಬೇಕಾಯಿತು. ಜಾಲವನ್ನು ಸರಿಯಾಗಿ ವಿಭಾಗ ಮಾಡದೆ ಇದ್ದದ್ದೇ ಕಾರಣವೆಂದು ಸರ್ಕಾರ ಮುಂದೆ ಸಂಸತ್ತಿನಲ್ಲಿ ಉತ್ತರ ಕೊಟ್ಟಿತು. ಸಾವಿರಾರು ಬಡರೋಗಿಗಳು ಸರದಿಯಲ್ಲಿ ನಿಂತು ತೆತ್ತ ಬೆಲೆ ಅದು.

ಮಾವನ ಮನೆಗೆ ಮರಳೋಣ. ಮೊದಲು ಆ ಟಿಕ್ ತೆಗೆದೆ. ರೆಕಾರ್ಡರನ್ನು ಕಾರ್ಖಾನೆಯ ಸ್ಥಿತಿಗೆ ಇಳಿಸಿ, ಅದರ ಹೊಸ ತಂತ್ರಾಂಶ ಹಾಕಿ, ಉದ್ದನೆಯ ಪಾಸ್‌ವರ್ಡ್ ಇಟ್ಟೆ. ಆಮೇಲೆ ನಿಜವಾದ ತಿಣ್ಣೆ ಕಟ್ಟುವ ಕೆಲಸ.

ಇದಕ್ಕೆ ಎರಡು ದಾರಿಗಳಿವೆ. ಒಂದು, ವಲಯಗಳನ್ನು ಮಾಡಲು ಬರುವ ರೂಟರ್ ತಂದು ಅದರೊಳಗೇ ಮೂರು ವಲಯ ಬರೆಯುವುದು. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶವಿದ್ದರೆ ಇದು ಚೊಕ್ಕವಾಗಿ ಆಗುತ್ತದೆ. ಹೊರಗು, ತಿಣ್ಣೆ, ಒಳಗು ಎಂದು ಮೂರು ಹೆಸರು ಕೊಟ್ಟು, ಯಾವುದರಿಂದ ಯಾವುದಕ್ಕೆ ದಾರಿ ಇದೆ ಎಂದು ಬರೆಯಬೇಕು. ಒಳಗಿನಿಂದ ಹೊರಕ್ಕೆ ಇದೆ. ಒಳಗಿನಿಂದ ತಿಣ್ಣೆಗೆ ಇದೆ. ತಿಣ್ಣೆಯಿಂದ ಒಳಕ್ಕೆ ಇಲ್ಲ. ಹೊರಗಿನಿಂದ ತಿಣ್ಣೆಗೆ, ನಾವು ಹೇಳಿದ ಒಂದು ಪೋರ್ಟಿಗೆ ಮಾತ್ರ. ಹೊರಗಿನಿಂದ ಒಳಕ್ಕೆ ಇಲ್ಲವೇ ಇಲ್ಲ. ತಿಣ್ಣೆಯಿಂದ ಹೊರಕ್ಕೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಕ್ಯಾಮೆರಾಗೆ ಗಡಿಯಾರ ಸರಿಮಾಡಿಕೊಳ್ಳಲು ಹೊರಗೆ ಹೋಗುವ ಅವಕಾಶ ಸಾಕು, ಊರೆಲ್ಲ ಸುತ್ತುವ ಅವಕಾಶ ಬೇಡ. ಅಷ್ಟು ಬಿಗಿ ಮಾಡಿದರೆ ಅದು ನಾಳೆ ಕೆಟ್ಟವರ ಕೈಗೆ ಸಿಕ್ಕರೂ ಇನ್ನೊಬ್ಬರ ಮೇಲೆ ದಂಡೆತ್ತಿ ಹೋಗಲಾರದು.

ಇಲ್ಲಿ ಕಲಿಯುವವರು ಎಡವುವ ಕಲ್ಲೊಂದಿದೆ. ತಿಣ್ಣೆಯವರು ರೂಟರ್‌ನ ಸ್ವಂತ ಪುಟವನ್ನೂ ಮುಟ್ಟಬಾರದೆಂದು ರೂಟರ್‌ಗೆ ಬರುವ ದಾರಿಯನ್ನು ಮುಚ್ಚುತ್ತೇವೆ. ಅದು ಸರಿಯೇ. ಮುಚ್ಚಿದೊಡನೆ ಕ್ಯಾಮೆರಾಗಳೆಲ್ಲ ಕುರುಡಾಗುತ್ತವೆ, ಯಾಕೆಂದರೆ ಅವಕ್ಕೆ ವಿಳಾಸ ಹಂಚುವುದೂ ಹೆಸರುಗಳನ್ನು ಹುಡುಕಿಕೊಡುವುದೂ ಅದೇ ರೂಟರ್. ವಿಳಾಸ ಹಂಚುವ 67ನೇ ಪೋರ್ಟು, ಹೆಸರು ಹುಡುಕುವ 53ನೇ ಪೋರ್ಟು, ಇವೆರಡನ್ನು ತೆರೆದಿಟ್ಟು ಉಳಿದದ್ದನ್ನು ಮುಚ್ಚಬೇಕು. ನಾನೇ ಒಮ್ಮೆ ಅರ್ಧ ರಾತ್ರಿ ತಂತಿಗಳನ್ನು ಕಿತ್ತು ಕಿತ್ತು ಹಾಕಿದ ಮೇಲೆ ಇದು ಹೊಳೆದದ್ದು. ಈಗ ಹೊಸ ವಲಯ ಬರೆಯುವಾಗ ಈ ಎರಡನ್ನೇ ಮೊದಲು ಬರೆಯುತ್ತೇನೆ.

ಎರಡನೆಯ ದಾರಿ ಹಳ್ಳಿಯ ಮನೆಗೆ ಹೆಚ್ಚು ಒಗ್ಗುತ್ತದೆ. ಮಾವನ ಮನೆಯಲ್ಲಿ ನಾನು ಮಾಡಿದ್ದೂ ಅದನ್ನೇ. ಫೈಬರ್‌ನವರು ಕೊಟ್ಟ ರೂಟರ್‌ನಲ್ಲಿ ವಲಯ ಬರೆಯಲು ಬರುವುದಿಲ್ಲ, ಬಂದರೂ ಆ ಪುಟಕ್ಕೆ ನಮ್ಮನ್ನು ಬಿಟ್ಟಿರುವುದಿಲ್ಲ. ಆಗ ಸಾಧಾರಣವಾದ ಇನ್ನೊಂದು ರೂಟರ್ ಕೊಂಡು ಮೊದಲನೆಯದರ ಹಿಂದೆ ಕೂಡಿಸಬೇಕು. ಹೊರ ರೂಟರ್‌ಗೆ ರೆಕಾರ್ಡರ್, ಕ್ಯಾಮೆರಾ, ಬಂದ ನೆಂಟರ ಫೋನು. ಒಳ ರೂಟರ್‌ಗೆ ಲೆಕ್ಕದ ಕಂಪ್ಯೂಟರ್, ಮಗಳ ಲ್ಯಾಪ್‌ಟಾಪ್, ಮನೆಯವರ ಫೋನು. ಎರಡು ರೂಟರ್‌ಗಳ ನಡುವಿನ ಜಾಗವೇ ತಿಣ್ಣೆ. ಒಳಗಿನವರು ತಿಣ್ಣೆಯ ರೆಕಾರ್ಡರನ್ನು ನೋಡಬಹುದು, ಕೇಳಿದ್ದಕ್ಕೆ ಅದು ಉತ್ತರ ಕೊಡುತ್ತದೆ. ರೆಕಾರ್ಡರ್ ತಾನಾಗಿ ಒಳಗೆ ಹೆಜ್ಜೆ ಇಟ್ಟರೆ ಒಳ ರೂಟರ್‌ನ ಪಾಲಿಗೆ ಅದು ಕೇಳದೆ ಬಂದ ಪೊಟ್ಟಣ.

ಇದನ್ನು ತಿರುಗುಮುರುಗು ಮಾಡಿದವರನ್ನು ನೋಡಿದ್ದೇನೆ. ಕ್ಯಾಮೆರಾಗಳೇ ಅಪಾಯದವು, ಅವನ್ನು ಹಿಂದೆ ಬಚ್ಚಿಡೋಣ ಎಂದು ಅವನ್ನು ಒಳ ರೂಟರ್‌ಗೆ, ಮನೆಯ ಕಂಪ್ಯೂಟರನ್ನು ಹೊರ ರೂಟರ್‌ಗೆ ಕೂಡಿಸುತ್ತಾರೆ. ಆಗ ಕ್ಯಾಮೆರಾಗಳೇ ಒಳಗಿನವರಾಗಿ, ಮನೆಯವರೇ ತಿಣ್ಣೆಯವರಾಗುತ್ತಾರೆ. ಒಳಗಿರುವವರು ಹೊರಗಿನವರನ್ನು ಮುಟ್ಟಬಹುದಲ್ಲ, ಕ್ಯಾಮೆರಾ ಲೆಕ್ಕದ ಕಂಪ್ಯೂಟರನ್ನು ಸಲೀಸಾಗಿ ಮುಟ್ಟುತ್ತದೆ. ಇನ್ನೊಂದು ತಪ್ಪು ತಂತಿಯದು. ಹೊರ ರೂಟರ್‌ನಿಂದ ಬರುವ ತಂತಿ ಒಳ ರೂಟರ್‌ನ ವ್ಯಾನ್ ಎಂದು ಬರೆದ, ಸಾಮಾನ್ಯವಾಗಿ ಬೇರೆ ಬಣ್ಣದ, ತೂತಿಗೇ ಹೋಗಬೇಕು. ಲ್ಯಾನ್ ಎಂದು ಬರೆದ ತೂತಿಗೆ ಹಾಕಿದರೂ ಎಷ್ಟೋ ಸಲ ಇಂಟರ್ನೆಟ್ ಬರುತ್ತದೆ, ಫೋನು ನಡೆಯುತ್ತದೆ, ಆದರೆ ನಡುಗೋಡೆ ಇರುವುದಿಲ್ಲ, ಎಲ್ಲ ಒಂದೇ ಜಾಲವಾಗಿರುತ್ತದೆ. ಮೂರನೆಯದು ವಿಳಾಸದ್ದು. ಮನೆಯೊಳಗಿನ ಜಾಲಗಳಿಗೆಂದೇ ಕೆಲವು ವಿಳಾಸಗಳನ್ನು ಗೊತ್ತುಮಾಡಿ ತೆಗೆದಿಟ್ಟಿದ್ದಾರೆ, 192.168 ಎಂದು ಶುರುವಾಗುವವು ಅವುಗಳಲ್ಲಿ ಸೇರಿವೆ. ಹೊರ ರೂಟರ್ 192.168.1 ಎಂಬ ಕೇರಿಯನ್ನು ಹಿಡಿದಿದ್ದರೆ ಒಳ ರೂಟರ್‌ಗೆ 192.168.2 ಕೊಡಿ. ಎರಡಕ್ಕೂ ಒಂದೇ ಕೇರಿಯ ಹೆಸರಿದ್ದರೆ ಪೊಟ್ಟಣಕ್ಕೆ ಯಾವ ಕಡೆ ಹೋಗಬೇಕೆಂದು ತಿಳಿಯುವುದಿಲ್ಲ.

ಹೊರ ರೂಟರ್ ಈಗ ತಿಣ್ಣೆಯ ಯಜಮಾನ. ಮನೆಯವರ ಪೊಟ್ಟಣಗಳೂ ಅದರ ಮೂಲಕವೇ ಹೊರಗೆ ಹೋಗಬೇಕು. ಆದ್ದರಿಂದ ಅದರ ಪಾಸ್‌ವರ್ಡನ್ನೂ ಬದಲಾಯಿಸಿದೆ. ಯುಪಿಎನ್‌ಪಿ ಎಂಬ ಸೌಲಭ್ಯವನ್ನು ಮುಚ್ಚಿದೆ. ಅದು ತೆರೆದಿದ್ದರೆ ಯಾವ ಯಂತ್ರ ಬೇಕಾದರೂ ನಮ್ಮನ್ನು ಕೇಳದೆ ಬಾಗಿಲು ತೆರೆಸಿಕೊಳ್ಳಬಲ್ಲದು.

ಉಳಿದದ್ದು ದೂರದಿಂದ ತೋಟ ನೋಡುವ ಪ್ರಶ್ನೆ. ರೆಕಾರ್ಡರ್‌ನ ಒಂದು ಪೋರ್ಟನ್ನು ಹೊರಗೆ ತೆರೆದಿಡಬಹುದಿತ್ತು. ನನಗೆ ಮನಸ್ಸು ಬರಲಿಲ್ಲ. ಒಳ ರೂಟರ್‌ನಲ್ಲಿ ವೈರ್‌ಗಾರ್ಡ್ ಎಂಬ ಗುಪ್ತಮಾರ್ಗವನ್ನು ಕೂರಿಸಿ, ಅದರ ಒಂದೇ ಪೋರ್ಟಿಗೆ ಹೊರ ರೂಟರ್‌ನಿಂದ ದಾರಿ ಕೊಟ್ಟೆ. ಅದರ ಕೀಲಿ ಮಾವನ ಫೋನಿನಲ್ಲಿದೆ, ಮಗಳ ಫೋನಿನಲ್ಲಿದೆ. ಕೀಲಿ ಇಲ್ಲದೆ ತಟ್ಟಿದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ತಟ್ಟಿದವರಿಗೆ ಅಲ್ಲಿ ಬಾಗಿಲಿದೆಯೆಂದೇ ಗೊತ್ತಾಗುವುದಿಲ್ಲ.

ಕಟ್ಟಿದ ಮೇಲೆ ತಟ್ಟಿ ನೋಡಬೇಕು. ನನ್ನ ಲ್ಯಾಪ್‌ಟಾಪನ್ನು ರೆಕಾರ್ಡರ್ ಇದ್ದ ಜಾಗಕ್ಕೆ ಸಿಕ್ಕಿಸಿ, ನಾನೇ ಕಳ್ಳನಾಗಿ, ಲೆಕ್ಕದ ಕಂಪ್ಯೂಟರನ್ನು ಕೂಗಿದೆ. ಉತ್ತರವಿಲ್ಲ. ಮಗಳ ಲ್ಯಾಪ್‌ಟಾಪನ್ನು ಕೂಗಿದೆ. ಉತ್ತರವಿಲ್ಲ. ಆಮೇಲೆ ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲಿ ಹೊರಗಿನವನಾಗಿ ಮನೆಯ ವಿಳಾಸವನ್ನು ತಟ್ಟಿದೆ. ಅಲ್ಲೂ ಮೌನ. ಕೊನೆಗೆ ಕೀಲಿ ಹಾಕಿ ಬಂದೆ, ತೋಟ ಕಂಡಿತು. ಮಾವ ಪಕ್ಕದಲ್ಲೇ ಕೂತು ಒಂದೊಂದನ್ನೂ ನೋಡಿದರು. "ಅಂದ್ರೆ ಒಳಗಿಂದ ನಾವು ಮಜ್ಜಿಗೆ ಕೊಡಬೌದು, ತಿಣ್ಣೆಯಿಂದ ಅವ್ರು ಅಡುಗೆಮನೆಗೆ ಬರಂಗಿಲ್ಲ. ಅಷ್ಟೇ ತಾನೆ?" ಅಂದರು. ಅಷ್ಟೇ ಎಂದೆ.

ಅವರು ಇನ್ನೊಂದು ಕೆಲಸ ಮಾಡಿಸಿದರು, ಅದು ನನಗೆ ಹೊಳೆದಿರಲಿಲ್ಲ. ಯಾವ ತಂತಿ ಯಾವ ತೂತಿಗೆ, ಯಾವ ರೂಟರ್‌ಗೆ ಯಾವ ಕೇರಿ, ಯಾವ ಪೋರ್ಟಿಗೆ ದಾರಿ, ಇಷ್ಟನ್ನೂ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆಸಿ, ಪಹಣಿ ಇಡುವ ಫೈಲಿನಲ್ಲಿ ಸೇರಿಸಿದರು. ಮರುವರ್ಷ ಮಾವು ಕೀಳುವ ಹೊತ್ತಿಗೆ ಒಂದು ಸಂಜೆ ಸಿಡಿಲು ಬಡಿದು ಹೊರ ರೂಟರ್ ಸುಟ್ಟುಹೋಯಿತು. ಹೊಸದನ್ನು ತಂದು ಕೂರಿಸಿದವರು ಹಳೆಯ ಅಭ್ಯಾಸದಂತೆ ಆ ಚೌಕಕ್ಕೆ ಟಿಕ್ ಹಾಕಲು ಹೊರಟಾಗ ಮಾವ ತಡೆದು, ಫೈಲು ತಂದು, ಹಾಳೆಯನ್ನು ಅವರ ಮುಂದಿಟ್ಟರಂತೆ. ನಾನು ಬೆಂಗಳೂರಿನಲ್ಲಿದ್ದೆ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, ಒಳ ರೂಟರ್‌ಗೆ ಏನೂ ಆಗಿಲ್ಲ, ಹೊರಗಿನದನ್ನು ಹಾಳೆಯಲ್ಲಿದ್ದಂತೆಯೇ ಬರೆಸಿದ್ದೇವೆ, ನೀನೊಮ್ಮೆ ಹೊರಗಿನಿಂದ ತಟ್ಟಿ ನೋಡು ಅಂದರು. ಅಲ್ಲಿಂದಲೇ ತಟ್ಟಿ ನೋಡಿದೆ. ಉತ್ತರ ಬರಲಿಲ್ಲ.